ಖಿನ್ನತೆ: ಮೈ ಆಡುವ ಮನಸ್ಸಿನ ಮಾತು

ಹಬ್ಬದ ದಿನ ಮನೆ ತುಂಬ ನೆಂಟರು. ಒಲೆಯ ಮೇಲೆ ಪಾಯಸ ಕುದಿಯುತ್ತಿದೆ, ಮಕ್ಕಳ ಮೈಮೇಲೆ ಹೊಸ ಬಟ್ಟೆ. ಎಲ್ಲರೂ ನಗುತ್ತಿರುವಾಗ ಒಳಕೋಣೆಯಲ್ಲಿ ಒಬ್ಬ ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. "ಏನಮ್ಮಾ, ಹಬ್ಬದ ದಿನವೂ ಹೀಗೆ ಮಲಗಿರೋದಾ? ಎದ್ದು ಬಾ" ಎಂದು ಕರೆದವರಿಗೆ ಸಿಗುವ ಉತ್ತರ ಒಂದೇ: "ತಲೆನೋವಕ್ಕಾ, ಮೈಯೆಲ್ಲಾ ಭಾರ." ಕರೆದವರು ಸ್ವಲ್ಪ ಹೊತ್ತು ನಿಂತು, "ಇವಳದು ಯಾವಾಗಲೂ ಇದೇ ಗೋಳು" ಎಂದುಕೊಂಡು ಹೊರಟುಹೋಗುತ್ತಾರೆ.

ಪ್ರಿಯ ಓದುಗರೇ, ಈ ದೃಶ್ಯ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಅದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮನೆಯಾಗಿರಬಹುದು, ಚಿಂತಾಮಣಿಯ ಟೊಮೆಟೊ ಬೆಳೆಗಾರರ ಮನೆಯಾಗಿರಬಹುದು, ಗೌರಿಬಿದನೂರಿನಿಂದ ದಿನವೂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರ ಮನೆಯಾಗಿರಬಹುದು, ಚಿಕ್ಕಬಳ್ಳಾಪುರದ ಹೊಸ ಬಡಾವಣೆಯ ಮನೆಯಾಗಿರಬಹುದು. ಆ ತಾಯಿಗಿರುವುದು ನಿಜವಾದ ತಲೆನೋವೇ. ಆಕೆ ಸುಳ್ಳು ಹೇಳುತ್ತಿಲ್ಲ. ಆದರೆ ಆ ತಲೆನೋವಿನ ಹಿಂದೆ ಖಿನ್ನತೆ ಎಂಬ ಕಾಯಿಲೆ ಇರಬಹುದೆಂಬುದು ಆಕೆಗೂ ತಿಳಿದಿಲ್ಲ, ಮನೆಯವರಿಗೂ ತಿಳಿದಿಲ್ಲ. ಎಷ್ಟೋ ಸಲ ಚುಚ್ಚುಮದ್ದು ಕೊಟ್ಟು ಕಳುಹಿಸಿದ ವೈದ್ಯರಿಗೂ ಹೊಳೆದಿರುವುದಿಲ್ಲ.

ಖಿನ್ನತೆ ಮನುಷ್ಯನನ್ನು ಒಳಗಿನಿಂದ ಕಾಡುವ ಕಾಯಿಲೆ, ನಿಜ. ಆದರೆ ಅದು ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ, ಯಾವ ಹೆಸರು ಪಡೆಯುತ್ತದೆ, ಯಾರ ಮುಂದೆ ಬಾಯಿ ಬಿಡುತ್ತದೆ ಎಂಬುದರಲ್ಲಿ ಸುತ್ತಲಿನ ಸಮಾಜದ ಪಾಲು ಬಹಳ ದೊಡ್ಡದು. ಆಸ್ಪತ್ರೆ, ಮಾತ್ರೆ, ವೈದ್ಯರ ಮಾತು ಕೂಡ ಅದಕ್ಕೆ ಒಂದು ರೂಪ ಕೊಡುತ್ತವೆ. ಆದ್ದರಿಂದಲೇ ಮಾತ್ರೆಯೊಂದರಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವುದೂ ತಪ್ಪು, ಮಾತ್ರೆಯೇ ಬೇಡ ಎನ್ನುವುದೂ ತಪ್ಪು. ಇದು ಹೇಗೆಂಬುದನ್ನು ನಮ್ಮ ಸೀಮೆಯ ಬದುಕನ್ನೇ ಮುಂದಿಟ್ಟುಕೊಂಡು ನೋಡೋಣ.

ಮೂರು ಭಾಷೆ, ಒಂದೇ ಸಂಕಟ

'ಖಿನ್ನತೆ' ಎಂಬುದು ಪುಸ್ತಕದ ಪದ. ನಮ್ಮ ಹಳ್ಳಿಗಳಲ್ಲಿ ಯಾರೂ "ನನಗೆ ಖಿನ್ನತೆಯಾಗಿದೆ" ಎನ್ನುವುದಿಲ್ಲ. "ಮನಸ್ಸಿಗೆ ಬೇಜಾರು", "ಯಾವುದರಲ್ಲೂ ಆಸೆಯಿಲ್ಲ", "ಎದೆ ಭಾರ" ಎನ್ನುತ್ತಾರೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಈ ಸೀಮೆಯಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ಅವರು "ಮನಸು ಬಾಗಲೇದು" ಎನ್ನುತ್ತಾರೆ. ಉರ್ದು ಮಾತಾಡುವ ಮನೆಗಳಲ್ಲಿ "ದಿಲ್ ಘಬರಾತಾ ಹೈ" ಎನ್ನುತ್ತಾರೆ. ಮೂರು ಭಾಷೆಗಳಲ್ಲೂ ಮಾತು ಮನಸ್ಸಿನಿಂದ, ಎದೆಯಿಂದಲೇ ಶುರುವಾಗುತ್ತದೆ. ಆದರೆ ಡಾಕ್ಟರ ಮುಂದೆ ಸ್ಟೂಲಿನ ಮೇಲೆ ಕುಳಿತ ಕೂಡಲೇ ಅದೇ ಸಂಕಟ ತಲೆನೋವು, ಸೊಂಟನೋವು, ಕೈಕಾಲು ಸೆಳೆತ, ಸುಸ್ತು, ಹಸಿವಿಲ್ಲ, ನಿದ್ದೆಯಿಲ್ಲ ಎಂದು ಬದಲಾಗಿಬಿಡುತ್ತದೆ. ಏಕೆ ಹೀಗೆ?

ಈ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಆರ್. ರಘುರಾಮ್, ಡಾ. ಎಸ್.ಎಂ. ಚನ್ನಬಸವಣ್ಣ, ಮಿಚೆಲ್ ವೈಸ್ ಮೊದಲಾದವರು ಕೇಳಿಕೊಂಡರು. ಮನೋವೈದ್ಯ ವಿಭಾಗಕ್ಕೆ ಬಂದ 80 ಮಂದಿ ಹೊರರೋಗಿಗಳನ್ನು ವಿವರವಾಗಿ ಮಾತಾಡಿಸಿ ನಡೆಸಿದ ಅವರ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡುಬಂದ ಸಂಗತಿ ನಾವೆಲ್ಲರೂ ಯೋಚಿಸಬೇಕಾದದ್ದು. ಮನಸ್ಸಿನ ದುಃಖವನ್ನು ಹೇಳಿಕೊಂಡರೆ ಜನ ಕೀಳಾಗಿ ಕಾಣುತ್ತಾರೆ, ಮದುವೆ ಸಂಬಂಧಗಳಿಗೆ ಅಡ್ಡಿಯಾಗುತ್ತದೆ ಎಂಬ ಅಂಜಿಕೆ ರೋಗಿಗಳಲ್ಲಿತ್ತು. ಮೈನೋವಿಗೆ ಆ ಕಳಂಕವಿರಲಿಲ್ಲ. ಮೈನೋವು ಯಾರಿಗೆ ಬರುವುದಿಲ್ಲ? ಎಲ್ಲರಿಗೂ ಬರುವ ನೋವನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೀಗೆ ದುಃಖದ ಲಕ್ಷಣ ಹೆಚ್ಚಿದ್ದವರಲ್ಲಿ ಅವಮಾನದ ಭಾವನೆಯೂ ಹೆಚ್ಚಾಗಿತ್ತು; ಮೈನೋವಿನ ದೂರು ಹೆಚ್ಚಿದ್ದವರಲ್ಲಿ ಅದು ಕಡಿಮೆಯಾಗಿತ್ತು.

ಇದರ ಅರ್ಥವೇನು? ನಮ್ಮ ಜನರಿಗೆ ಮನಸ್ಸಿನ ನೋವು ತಿಳಿಯದೆಂದಲ್ಲ. ಅದನ್ನು ಹೇಳಿಕೊಳ್ಳಲು ನಾವು ದಾರಿ ಬಿಟ್ಟಿಲ್ಲ. ದಾರಿ ಮುಚ್ಚಿದ ನೀರು ಬೇರೆ ಕಡೆ ಒಸರುವಂತೆ ಆ ನೋವು ಮೈಯ ಮೂಲಕ ಮಾತಾಡುತ್ತದೆ. ದಿನಪತ್ರಿಕೆಗಳಲ್ಲಿ "ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ" ಎಂಬ ಪುಟ್ಟ ಸುದ್ದಿಯನ್ನು ನಾವೆಲ್ಲ ಎಷ್ಟು ಸಲ ಓದಿದ್ದೇವೆ! ಮನುಷ್ಯ ಹೋದ ಮೇಲೂ ಮನಸ್ಸಿನ ನೋವೆಂದು ಹೇಳಲು ಮನೆಯವರಿಗೆ ಬಾಯಿ ಬರುವುದಿಲ್ಲ. ಅಲ್ಲಿಯೂ ಹೊಟ್ಟೆಯೇ ಸಾಕ್ಷಿ ಹೇಳಬೇಕು.

ಇದು ಸೋಮಾರಿತನವಲ್ಲ

ಹಾಗಾದರೆ ಖಿನ್ನತೆ ಎಂದರೇನು? ಬೆಳೆ ಹೋದಾಗ, ಹತ್ತಿರದವರು ತೀರಿಕೊಂಡಾಗ ದುಃಖವಾಗುವುದು ಸಹಜ. ಅದು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಮಿಕ್ಕಿ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿದ್ದರೆ ಎಚ್ಚರ ವಹಿಸಬೇಕು. ಇದರ ಜೊತೆಗೆ ನಿದ್ದೆ ಕೆಡುವುದು, ಊಟ ಸೇರದಿರುವುದು, ಸದಾ ಸುಸ್ತು, ನಡೆ ನುಡಿ ನಿಧಾನವಾಗುವುದು ಅಥವಾ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ, ಗಮನ ನಿಲ್ಲದಿರುವುದು, "ನಾನು ಯಾತಕ್ಕೂ ಬಾರದವಳು" ಎಂಬ ಕೀಳರಿಮೆ, ಬದುಕೇ ಸಾಕೆನ್ನುವ ಆಲೋಚನೆ ಇವುಗಳಲ್ಲಿ ಹಲವು ಸೇರಿಕೊಂಡರೆ ಅದನ್ನು ವೈದ್ಯರು ಖಿನ್ನತೆ ಎಂದು ಗುರುತಿಸುತ್ತಾರೆ.

ರೇಷ್ಮೆ ಸಾಕುವವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಹುಳು ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ಮುಂದಿಟ್ಟರೂ ತಿನ್ನುವುದಿಲ್ಲ. ಅದನ್ನು ಯಾವ ರೈತನೂ ಸೋಮಾರಿ ಹುಳು ಎಂದು ಬೈಯುವುದಿಲ್ಲ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು, ಮನೆಯಲ್ಲಿ ಗಾಳಿ, ತೇವ, ಬಿಸಿ ಸರಿಯಾಗಿರುವಂತೆ ನೋಡಿಕೊಳ್ಳಬೇಕೆಂದು ಅವನಿಗೆ ಗೊತ್ತು. ಹುಳುವಿನ ಜ್ವರ ಪೊರೆ ಕಳಚುವ ಸಹಜ ಕ್ರಿಯೆ, ಖಿನ್ನತೆ ಒಂದು ಕಾಯಿಲೆ, ಎರಡೂ ಒಂದಲ್ಲ. ಆದರೂ ಹುಳುವಿಗೆ ತೋರಿಸುವ ಆ ತಿಳಿವಳಿಕೆಯನ್ನು ಮನೆಯ ಮನುಷ್ಯರಿಗೆ ತೋರಿಸಲು ನಾವೇಕೆ ಹಿಂದೆಗೆಯುತ್ತೇವೆ?

ಇದು ಯಾರೋ ಒಬ್ಬಿಬ್ಬರ ಮಾತಲ್ಲ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದರ ವಿಧಾನವನ್ನು ಮೊದಲು ಪರೀಕ್ಷಿಸಿ ನೋಡಿದ್ದು 2007ರವರೆಗೆ ನಾವೂ ಸೇರಿದ್ದ ಕೋಲಾರ ಜಿಲ್ಲೆಯಲ್ಲಿ. ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದಾರೆ ಎಂದು ಆ ಸಮೀಕ್ಷೆ ತಿಳಿಸಿತು. ಖಿನ್ನತೆಯಿಂದ ಬಳಲುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ಬೀದಿಯಲ್ಲಿ 100 ಮಂದಿ ದೊಡ್ಡವರಿದ್ದರೆ ಅವರಲ್ಲಿ ಐದು ಮಂದಿಯಾದರೂ ಈ ಕತ್ತಲೆಯನ್ನು ಕಂಡವರಿರಬಹುದೆಂದು ಲೆಕ್ಕ ಹಾಕಿ ನೋಡಿ.

ನೆಲ, ನೀರು, ಸಾಲ, ಒಂಟಿತನ

ಕಾಯಿಲೆಗೆ ಅನುವಂಶೀಯ ಕಾರಣಗಳಿರಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಹೆರಿಗೆಯ ನಂತರದ ದಿನಗಳು, ಸಕ್ಕರೆ ಕಾಯಿಲೆ, ಕುಡಿತ ಇವೂ ಅದಕ್ಕೆ ದಾರಿಯಾಗಬಹುದು. ಆದರೆ ಬದುಕಿನ ಒತ್ತಡವನ್ನು ಬಿಟ್ಟು ಖಿನ್ನತೆಯನ್ನು ಅರ್ಥಮಾಡಿಕೊಳ್ಳಲಾಗದು.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲೂ ಅಂತರ್ಜಲವನ್ನು ಮಿತಿಮೀರಿ ಎತ್ತಲಾಗಿದೆ. ಸಾವಿರ ಅಡಿ ದಾಟಿ ಕೊರೆದರೂ ದೂಳೇ ಬರುವ ಕೊಳವೆಬಾವಿಗಳು ಎಷ್ಟೋ. ಕೊರೆಯುವ ಲಾರಿ ಹೊಲದಲ್ಲಿ ನಿಂತ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ನೀರು ಬರದಿದ್ದರೆ ಮುಂದೆ ಎಷ್ಟೋ ರಾತ್ರಿ ಬರುವುದಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಈಚಿನ ವರ್ಷಗಳಲ್ಲಿ ಕೆಲವು ಕೆರೆಗಳಿಗೆ ಬಂದಿದೆ. ಆದರೆ ಹಿಂದೆ ಕೊರೆಸಿದ ಬಾವಿಗಳ ಸಾಲ ಆ ನೀರಿನಿಂದ ತೀರುವುದಿಲ್ಲ.

ಬೆಲೆಯ ಮಾತೂ ಅಷ್ಟೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸೊಂದು 2,000 ರೂಪಾಯಿ ದಾಟಿತು. ಅದೇ ಟೊಮೆಟೊವನ್ನು ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ಚಿಂತಾಮಣಿಯವರು ಬಲ್ಲರು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು. ದೆಹಲಿಯಲ್ಲಿ ಓದಿದ ಬಜೆಟ್ಟಿನ ಒಂದು ಸಾಲು ಶಿಡ್ಲಘಟ್ಟದ ಅಡುಗೆಮನೆಗೆ ಬಂದು ಕುಳಿತಿತು. ದುಡಿಮೆಗೂ ಫಲಕ್ಕೂ ಸಂಬಂಧವೇ ಇಲ್ಲದಂತಾದಾಗ ಮನುಷ್ಯನಲ್ಲಿ "ನಾನು ಏನು ಮಾಡಿದರೂ ಅಷ್ಟೆ" ಎಂಬ ಭಾವನೆ ಬೇರೂರುತ್ತದೆ. ಖಿನ್ನತೆ ಬೆಳೆಯಲು ಇದಕ್ಕಿಂತ ಹದವಾದ ಮಣ್ಣು ಬೇಕಿಲ್ಲ.

ಇದರ ಮೇಲೆ ವಾರದ ಕಂತು. ಗುಂಪು ಸಾಲದ ಕಂತು ಕಟ್ಟಲಾಗದಿದ್ದರೆ ಬಾಗಿಲಿಗೆ ಬಂದು ಕೂರುವವರ ಮುಂದೆ, ಗುಂಪಿನ ಹೆಂಗಸರ ಮುಂದೆ ಮಾನ ಹೋಗುತ್ತದೆ. ಇಂಥ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಾಲ ಕೈಯ ಲೆಕ್ಕ. ಅವಮಾನ ಮನಸ್ಸಿನ ಲೆಕ್ಕ. ಸಮೀಕ್ಷೆಯಲ್ಲಿ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಂಡುಬಂದದ್ದನ್ನು ಇಲ್ಲಿ ನೆನೆಯಬೇಕು. ಗಂಡಸರಲ್ಲಿ ಅದು ಎಷ್ಟೋ ಸಲ ಕುಡಿತದ, ಸಿಟ್ಟಿನ ವೇಷ ಹಾಕಿಕೊಂಡು ಬರುತ್ತದೆ ಎಂಬುದನ್ನೂ ಮರೆಯಬಾರದು.

ಹಿಂದಿನ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು, ಈಗಿನ ಕಾಲವೇ ಕೆಟ್ಟದ್ದು ಎನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಮನೋವೈದ್ಯರು ನಮ್ಮ ಕರಾವಳಿಯ ಕೋಟ ಎಂಬ ಹಳ್ಳಿಯಲ್ಲಿ ಮನೆಮನೆ ಸುತ್ತಿ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ದೂರದರ್ಶನ, ಮೊಬೈಲು ಯಾವುದೂ ಇಲ್ಲದ ಆ ದಿನಗಳಲ್ಲಿಯೂ ಹಳ್ಳಿಯ ಜನ ಮಾನಸಿಕವಾಗಿ ಬಳಲುತ್ತಿದ್ದುದನ್ನು, ವೈದ್ಯರ ಬಳಿಗೂ ಮಂತ್ರವಾದಿಗಳ ಬಳಿಗೂ ಹೋಗುತ್ತಿದ್ದುದನ್ನು ಅವರು ಕಂಡರು. ಕಾಯಿಲೆ ಹಳೆಯದೇ. ಬದಲಾಗಿರುವುದು ಅದರ ಸುತ್ತಲಿನ ಬದುಕು. ಅಂದು ಜಗಲಿಯಲ್ಲಿ ಕುಳಿತು ಅಳುವವರ ಪಕ್ಕದಲ್ಲಿ ಯಾರಾದರೂ ಬಂದು ಕೂರುತ್ತಿದ್ದರು, ಜೊತೆಗೆ ಎಲ್ಲರಿಗೂ ಗುಟ್ಟು ರಟ್ಟಾಗುತ್ತಿತ್ತು. ಇಂದು ಗುಟ್ಟು ಉಳಿಯುತ್ತದೆ, ಪಕ್ಕದಲ್ಲಿ ಕೂರುವವರಿಲ್ಲ. ಬೆಳಗಿನ ಜಾವವೇ ಬೆಂಗಳೂರಿನ ಬಸ್ಸು, ರೈಲು ಹಿಡಿದ ಮಗ ಮನೆಗೆ ಮರಳುವುದು ರಾತ್ರಿ. ಅವನ ಕೈಯಲ್ಲಿನ ಫೋನಿನಲ್ಲಿ ಎಲ್ಲರೂ ನಗುತ್ತಿದ್ದಾರೆ, ಎಲ್ಲರೂ ಗೆಲ್ಲುತ್ತಿದ್ದಾರೆ. ತಾನೊಬ್ಬನೇ ಸೋತವನೆಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವೇನು?

ಚಿಕಿತ್ಸೆಯೂ ಒಂದು ರೂಪ ಕೊಡುತ್ತದೆ

ಒಳಕೋಣೆಯಲ್ಲಿ ಮಲಗಿದ್ದ ಆ ತಾಯಿಯ ಬಳಿಗೆ ಮರಳೋಣ. ಇಂಥವರು ಸಾಮಾನ್ಯವಾಗಿ ತುಳಿಯುವ ದಾರಿ ಹೀಗಿರುತ್ತದೆ: ಮೊದಲು ಹತ್ತಿರದ ಕ್ಲಿನಿಕ್ಕಿನಲ್ಲಿ ಶಕ್ತಿಗೆಂದು ಒಂದು ಚುಚ್ಚುಮದ್ದು, ಇಲ್ಲವೇ ಒಂದು ಬಾಟಲು ಗ್ಲೂಕೋಸು. ಎರಡು ದಿನ ಹಗುರ, ಮತ್ತೆ ಅದೇ ಭಾರ. ನಂತರ ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗು. ಎಲ್ಲ ರಿಪೋರ್ಟುಗಳಲ್ಲೂ "ನಾರ್ಮಲ್". "ನಿನಗೆ ಏನೂ ಇಲ್ಲಮ್ಮ, ಸುಮ್ಮನೆ ಯೋಚನೆ ಮಾಡಬೇಡ" ಎಂಬ ಮಾತು ಸಮಾಧಾನಕ್ಕೆಂದೇ ಹೊರಡುತ್ತದೆ. ಆದರೆ ನೋವಿನಲ್ಲಿರುವವಳಿಗೆ ಅದು "ನೀನು ನಾಟಕ ಮಾಡುತ್ತಿದ್ದೀಯ" ಎಂದು ಕೇಳಿಸುತ್ತದೆ. ಆಕೆ ಇನ್ನೂ ದೊಡ್ಡ ನೋವನ್ನು ಹೇಳಬೇಕಾಗುತ್ತದೆ, ಇನ್ನೂ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಪರೀಕ್ಷೆಗಳಿಗೆಂದು ಮಾಡಿದ ಸಾಲ ಮೊದಲಿದ್ದ ಸಾಲದ ಜೊತೆ ಸೇರುತ್ತದೆ. ಹೀಗೆ ಕಾಯಿಲೆಯನ್ನು ತಗ್ಗಿಸಬೇಕಾದ ಚಿಕಿತ್ಸೆಯೇ ಕಾಯಿಲೆಯ ಕಾರಣಗಳಲ್ಲಿ ಒಂದಾಗಿಬಿಡುತ್ತದೆ.

ಕೊನೆಗೆ ನಿದ್ದೆಗೆಂದು ಒಂದು ಮಾತ್ರೆ. ಡಾಕ್ಟರ ಚೀಟಿ ಹಳೆಯದಾದ ಮೇಲೂ ಅದನ್ನೇ ಕೊಂಡು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ನಿದ್ದೆ ಮಾತ್ರೆ ಖಿನ್ನತೆಯ ಔಷಧಿಯಲ್ಲ. ಅದು ಕೆಲವು ದಿನಗಳ ಆಸರೆ, ಹೆಚ್ಚು ಕಾಲ ನುಂಗಿದರೆ ಚಟವಾಗುತ್ತದೆ.

ಖಿನ್ನತೆಗೆಂದೇ ಇರುವ ಔಷಧಿಗಳು ಬೇರೆ. ಅವುಗಳ ಕಥೆ ಶುರುವಾಗಿದ್ದು 1950ರ ದಶಕದಲ್ಲಿ. ಕ್ಷಯರೋಗಕ್ಕೆ ಕೊಟ್ಟ ಒಂದು ಔಷಧಿಯಿಂದ ರೋಗಿಗಳ ಮನಸ್ಸು ಗೆಲುವಾದುದನ್ನು ವೈದ್ಯರು ಗಮನಿಸಿದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ಔಷಧಿಯ ಗುಣವನ್ನು ಪ್ರಕಟಿಸಿದರು. 1987ರಲ್ಲಿ ಅಮೆರಿಕದಲ್ಲಿ ಫ್ಲುಆಕ್ಸೆಟಿನ್ ಮಾತ್ರೆಗೆ ಒಪ್ಪಿಗೆ ಸಿಕ್ಕ ಮೇಲೆ "ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ" ಎಂಬ ವಿವರಣೆ ಜಗತ್ತಿನಾದ್ಯಂತ ಹಬ್ಬಿತು. ಕೇಳಲು ಸುಲಭ, ಹೇಳಲು ಸುಲಭ. ಆದರೆ ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣವೆನ್ನಲು ಗಟ್ಟಿ ಪುರಾವೆಯಿಲ್ಲವೆಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಹೇಳಿತು.

ಹಾಗೆಂದ ಮಾತ್ರಕ್ಕೆ ಮಾತ್ರೆಗಳು ಕೆಲಸ ಮಾಡುವುದಿಲ್ಲವೆಂದು ತಿಳಿಯಬಾರದು. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಅಧ್ಯಯನದಲ್ಲಿ, ಪರಿಶೀಲಿಸಿದ 21 ಔಷಧಿಗಳೂ ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚು ಗುಣ ಕೊಟ್ಟಿದ್ದವು. ಯಾವುದೂ ಪವಾಡವಲ್ಲ, ಆದರೆ ಏಳಲಾಗದವರನ್ನು ಎಬ್ಬಿಸಿ ಕೂರಿಸುವ ಶಕ್ತಿ ಅವಕ್ಕಿದೆ, ವಿಶೇಷವಾಗಿ ಕಾಯಿಲೆ ತೀವ್ರವಾಗಿದ್ದಾಗ.

"ತಲೆಯೊಳಗಿನ ರಾಸಾಯನಿಕ" ಎಂಬ ವಿವರಣೆಯಿಂದ ಒಂದು ಒಳ್ಳೆಯದಾಯಿತು. "ಇದು ನಿನ್ನ ತಪ್ಪಲ್ಲ" ಎಂಬ ನೆಮ್ಮದಿ ರೋಗಿಗೆ ಸಿಕ್ಕಿತು. ಒಂದು ನಷ್ಟವೂ ಆಯಿತು. ಬತ್ತಿದ ಬಾವಿ, ಕುಡಿದು ಹೊಡೆಯುವ ಗಂಡ, ಮಾನ ಕಳೆವ ಸಾಲ ಎಲ್ಲವೂ ವೈದ್ಯರ ಚೀಟಿಯಿಂದ ಹೊರಗುಳಿದವು. ಗಂಡನ ಹೊಡೆತ ನಿಲ್ಲಿಸದೆ ಹೆಂಡತಿಗೆ ಮಾತ್ರೆ ಮಾತ್ರ ಕೊಡಿಸುವ ಮನೆಯಲ್ಲಿ ಔಷಧಿ ಏನು ತಾನೆ ಮಾಡೀತು?

ದರ್ಗಾ, ಗುಡಿ, ಇಗರ್ಜಿ

ಆಸ್ಪತ್ರೆಗೆ ಮೊದಲು ಅಥವಾ ಆಸ್ಪತ್ರೆಯ ಜೊತೆಗೆ ನಮ್ಮ ಜನ ದೇವರ ಬಳಿಗೆ ಹೋಗುತ್ತಾರೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಜಾತಿ ಮತಗಳ ಭೇದವಿಲ್ಲದೆ ಮನನೊಂದವರು ಬರುತ್ತಾರೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಮೇಲೆ ಹೇಳಿದ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ, ತೀವ್ರ ಮಾನಸಿಕ ಕಾಯಿಲೆಯ 31 ಮಂದಿಯನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು. ಕೆಲವು ವಾರಗಳಲ್ಲಿ ಅವರ ಲಕ್ಷಣಗಳು ಸರಾಸರಿ ಐದನೇ ಒಂದರಷ್ಟು ತಗ್ಗಿದ್ದವು. ಅಲ್ಲಿ ಹೊಡೆತವಿರಲಿಲ್ಲ, ಬಯ್ಗುಳವಿರಲಿಲ್ಲ. ನೆರಳು, ದಿನಚರಿ, ಜೊತೆಗೆ ಮನೆಯವರು ಇದ್ದರು.

ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ, 28 ಮಂದಿ ಪ್ರಾಣ ಬಿಟ್ಟರು. ಆಸರೆ ಗುಣ ಮಾಡುತ್ತದೆ, ಸರಪಳಿ ಕೊಲ್ಲುತ್ತದೆ. ಯಾವ ಪುಣ್ಯಸ್ಥಳಕ್ಕಾದರೂ ಹೋಗಲಿ, ಔಷಧಿ ನಿಲ್ಲಿಸಬಾರದು, ಹೊಡೆತ ಕಟ್ಟುಗಳಿಗೆ ಒಪ್ಪಬಾರದು.

ನಮ್ಮಲ್ಲಿಯೂ "ಪ್ರಾರ್ಥನೆ ಕಡಿಮೆಯಾಯಿತು, ಅದಕ್ಕೇ ಹೀಗೆ" ಎನ್ನುವವರಿದ್ದಾರೆ. ಅವರು ಪ್ರವಾದಿ ಎಲೀಯನನ್ನು ನೆನೆಯಲಿ. ಸಾಕು ಈ ಬದುಕೆಂದು ಜಾಲಿಗಿಡದ ಕೆಳಗೆ ಬಿದ್ದುಕೊಂಡ ಅಂಥ ದೈವಭಕ್ತನಿಗೆ ದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಗೊಟ್ಟ. ಎರಡನೆಯ ಸಲವೂ ಬಂದು ಮುಟ್ಟಿ ಎಬ್ಬಿಸಿದ.

ನೆರವು ದೂರವಿಲ್ಲ

ಮನೋವೈದ್ಯರೆಂದರೆ ಬೆಂಗಳೂರೇ ಎಂಬ ಕಾಲವೊಂದಿತ್ತು. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ವೈದ್ಯರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಶುರುಮಾಡಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2014ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತಾದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಆಶಾ ಕಾರ್ಯಕರ್ತೆಯರೂ ದಾರಿ ತೋರಿಸಬಲ್ಲರು.

ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಇದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಾತಿನಿಂದಲೂ ಖಿನ್ನತೆ ಗುಣವಾಗುತ್ತದೆಯೇ? ನೆರೆಯ ಗೋವಾದಲ್ಲಿ ವೈದ್ಯರಲ್ಲದ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ರೋಗಿಗಳೊಡನೆ ಕೆಲವು ವಾರ ಕೂತು ಮಾತಾಡಿಸಿದರು. ಮಾಡಬಹುದಾದ ಸಣ್ಣಪುಟ್ಟ ಕೆಲಸಗಳನ್ನು ಮತ್ತೆ ಶುರುಮಾಡಲು ಜೊತೆಯಾದರು. ಮೂರು ತಿಂಗಳಲ್ಲಿ ಅಂಥವರಲ್ಲಿ ಶೇಕಡ 64ರಷ್ಟು ಮಂದಿ ಚೇತರಿಸಿಕೊಂಡರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಶೇಕಡ 39ರಷ್ಟು. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ನಮಗೊಂದು ಭರವಸೆ. ಕೇಳುವ ಕಿವಿಯೂ ಒಂದು ಔಷಧಿಯೇ.

ಕಾನೂನೂ ಬದಲಾಗಿದೆ. ಹಿಂದೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮೇಲೆ ಪೊಲೀಸ್ ಕೇಸಿನ ಭಯವಿತ್ತು. ಆ ಭಯಕ್ಕೆ ಎಷ್ಟೋ ಮನೆಗಳು ನಿಜವನ್ನು ಮುಚ್ಚಿಟ್ಟವು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದು ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. ಹಳೆಯ ದಂಡಸಂಹಿತೆಯ 309ನೇ ಕಲಂ, 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆದ್ದರಿಂದ ವೈದ್ಯರ ಮುಂದೆ ನಿಜ ಹೇಳಲು ಅಂಜಬೇಕಿಲ್ಲ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಕೇಳೋಣ. ತಿಂಗಳುಗಟ್ಟಲೆ ಮೈಕೈ ನೋವೆನ್ನುವವರ ಪಕ್ಕದಲ್ಲಿ ಕೂತು, "ನಿದ್ದೆ ಬರುತ್ತಾ? ಊಟ ಸೇರುತ್ತಾ? ಮನಸ್ಸಿಗೆ ಹೇಗಿದೆ?" ಎಂದು ಕೇಳೋಣ. "ಬದುಕೇ ಬೇಡ ಅನ್ನಿಸುತ್ತಾ?" ಎಂದು ಕೇಳಲೂ ಹೆದರುವುದು ಬೇಡ. ಹಾಗೆ ಕೇಳುವುದರಿಂದ ಇಲ್ಲದ ಆಲೋಚನೆ ಹುಟ್ಟುವುದಿಲ್ಲ. ಇದ್ದದ್ದು ಹೊರಬಂದು ಎದೆ ಹಗುರವಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯೋಣ.

ಎರಡನೆಯದಾಗಿ, ಬೆಳೆಗೆ ಹೊಡೆಯುವ ಔಷಧಿಯನ್ನು ವಾಸದ ಮನೆಯೊಳಗೆ ಇಡದಿರೋಣ, ಬೀಗ ಹಾಕಿ ಇಡೋಣ. ನೆರೆಯ ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳಷ್ಟು ತಗ್ಗಿದವು. ಆ ಕೆಟ್ಟ ಗಳಿಗೆ ದಾಟಿಸಿದರೆ ಒಂದು ಜೀವ ಉಳಿಯುತ್ತದೆ.

ಮೂರನೆಯದಾಗಿ, ಚಿಕಿತ್ಸೆಯನ್ನು ಸರಿಯಾಗಿ ನಡೆಸೋಣ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಆಗಬಹುದು. ಹರೆಯದವರ ಮೇಲೆ ಆಗ ಹೆಚ್ಚು ನಿಗಾ ಇರಲಿ. ಗೆಲುವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕು, ವೈದ್ಯರು ಹೇಳದೆ ಒಮ್ಮೆಲೇ ನಿಲ್ಲಿಸಬಾರದು. ಹಿಂದೆಂದಾದರೂ ಮಿತಿಮೀರಿದ ಉತ್ಸಾಹ, ನಿದ್ದೆಯಿಲ್ಲದ ಓಡಾಟ ಇದ್ದಿದ್ದರೆ ಅದನ್ನು ಮರೆಯದೆ ಹೇಳಬೇಕು. ಆಗ ಔಷಧಿಯೇ ಬೇರೆಯಾಗುತ್ತದೆ.

ನಾಲ್ಕನೆಯದಾಗಿ, ಕಾರಣದ ಕಡೆಗೂ ಕೈ ಹಾಕೋಣ. ಕಂತಿನವರು ಬಾಗಿಲಿಗೆ ಬಂದಾಗ ಆ ಮನೆಯವರ ಪರವಾಗಿ ನಾಲ್ಕು ಮಂದಿ ನಿಲ್ಲುವುದು, ಕುಡುಕನಿಗೆ ಬುದ್ಧಿ ಹೇಳಿ ಚಿಕಿತ್ಸೆಗೆ ಒಯ್ಯುವುದು, ಹೊಸದಾಗಿ ಹೆತ್ತವಳನ್ನು ಒಂದು ರಾತ್ರಿ ನಿದ್ದೆಮಾಡಲು ಬಿಟ್ಟು ಮಗುವನ್ನು ನಾವು ಎತ್ತಿಕೊಳ್ಳುವುದು ಇವು ಯಾವ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ.

ಚಿಂತಾಮಣಿ ಎಂದರೆ ನೆನೆದದ್ದನ್ನು ಕೊಡುವ ರತ್ನವಂತೆ. ಅಂಥ ರತ್ನ ನಮ್ಮ ಕೈಯಲ್ಲಿಲ್ಲ. ಆದರೆ ಮುಂದಿನ ಹಬ್ಬಕ್ಕೆ ಆ ಮನೆಗೆ ಹೋದಾಗ ನಾವು ಒಳಕೋಣೆಯ ಬಾಗಿಲಲ್ಲೇ ನಿಂತು "ಎದ್ದು ಬಾ" ಎಂದು ಕರೆದು ಹಿಂದಿರುಗುವುದು ಬೇಡ. ಒಳಗೆ ಹೋಗಿ, ಹಾಸಿಗೆಯ ಅಂಚಿನಲ್ಲಿ ಕೂತು, ಒಂದು ಲೋಟ ಪಾಯಸ ಪಕ್ಕಕ್ಕಿಟ್ಟು, "ಹೇಳಮ್ಮಾ, ನನಗೆ ಅವಸರವಿಲ್ಲ" ಎನ್ನೋಣ. ಮಂಗಳವಾರ ಬಂದಾಗ ಆಸ್ಪತ್ರೆಗೆ ಜೊತೆಯಲ್ಲಿ ನಾವೂ ಹೊರಡೋಣ.